ಮರಿಸಾಗೆ ಮಾತ್ರ ಅರ್ಥವಾದ ಸುದ್ದಿ

ಟಿವಿಯಲ್ಲಿ ಒಬ್ಬ ಮುದುಕಿ ಮಾತು ಶುರುಮಾಡುತ್ತಿದ್ದಂತೆ ಮರಿಸಾ ಸೋಫಾದಿಂದ ಎದ್ದು ಹೋಗಿ ಪರದೆಯ ಮುಂದೆ ನೆಲದಲ್ಲೇ ಕೂತುಬಿಟ್ಟಳು. ತೊಂಬತ್ತರ ದಶಕದ ಕೊನೆಯ ಒಂದು ಶುಕ್ರವಾರ ಅದು. ದೋಹಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಮರಿಸಾ ಫಿಲಿಪೀನ್ಸಿನ ನರ್ಸ್. ಅವಳ ಊರಿಗೆ ಚಂಡಮಾರುತ ಬಡಿದು ಎರಡು ದಿನವಾಗಿತ್ತು, ಫೋನ್ ಹೋಗುತ್ತಿರಲಿಲ್ಲ. ಡಿಶ್‌ನಲ್ಲಿ ಬರುವ ಅವಳ ದೇಶದ ಚಾನೆಲ್ ಹಾಕಿಕೊಂಡು ಬೆಳಗಿನಿಂದ ಇಬ್ಬರೂ ಕಾಯುತ್ತಿದ್ದೆವು.

ಮುದುಕಿಯ ಮಾತು ಮುಗಿಯಿತು. ವರದಿಗಾರ ರಾಜಧಾನಿಯ ಭಾಷೆಯಲ್ಲಿ ಏನೋ ಹೇಳಿದ. ಮರಿಸಾ ಅಳುತ್ತಾ ನನ್ನ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು:

“ಅವನಿಗೆ ನಮ್ಮ ದ್ವೀಪದ ಭಾಷೆ ಬರೋದಿಲ್ಲ. ಮನೆಗಳು ಬಿದ್ದಿವೆ ಅಂತಷ್ಟೇ ಹೇಳಿದ. ಆ ಅಜ್ಜಿ ನಮ್ಮೂರಿನವಳು. ಊರಿನವರೆಲ್ಲ ಚರ್ಚಿನಲ್ಲಿದ್ದಾರಂತೆ, ಯಾರಿಗೂ ಏನೂ ಆಗಿಲ್ಲವಂತೆ. ನನ್ನಮ್ಮ ಬದುಕಿದ್ದಾಳೆ.”

ನಮ್ಮ ಮನೆಮಾತು ತುಳು. ಮಗಳ ಇಂಗ್ಲಿಷಿಗೆ ತೊಂದರೆಯಾದೀತೆಂದು ಅವಳೊಂದಿಗೆ ಅದನ್ನು ಆಡುವುದನ್ನೇ ಬಿಟ್ಟಿದ್ದೆ. ಅಂದು “ಬಲ ಮಗಾ, ಒಣಸ್ ಮಲ್ಪುಗ” ಎಂದು ತುಳುವಿನಲ್ಲೇ ಮಗಳನ್ನು ಊಟಕ್ಕೆ ಕರೆದೆ. “ಎಂತ ಹೇಳಿದ್ದು ಅಮ್ಮ?” ಎಂದಳು. ಹತ್ತಿರ ಕೂತು, ಇನ್ನೊಮ್ಮೆ ನಿಧಾನವಾಗಿ ಹೇಳಿದೆ.