ಲೋಕ ಉಳಿಯುತ್ತಾ ಅಂತ ಕೇಳಿದವರು

ಭೌತಶಾಸ್ತ್ರ ಓದಿದ ತಪ್ಪಿಗೆ ಜನ ನನ್ನನ್ನು ಜ್ಯೋತಿಷಿ ಥರ ನೋಡುತ್ತಾರೆ. ಪುಟ್ಟೇನಹಳ್ಳಿ ಕೆರೆ ಸುತ್ತ ವಾಕಿಂಗ್ ಹೋದರೆ ಒಬ್ಬರಲ್ಲ ಒಬ್ಬರು ನಿಲ್ಲಿಸಿ, "ಸಾರ್, ಈ ಎ.ಐ. ನಮ್ಮನ್ನ ನುಂಗಿಬಿಡುತ್ತಾ?" ಅಂತ ಕೇಳುತ್ತಾರೆ. ನಾನು ಜೀವಮಾನವಿಡೀ ನೋಡಿದ್ದು ವಿಪರೀತ ಚಳಿಯಲ್ಲಿ ಲೋಹಗಳು ಹೇಗೆ ವರ್ತಿಸುತ್ತವೆ ಅನ್ನುವುದನ್ನು. ಮನುಕುಲದ ಭವಿಷ್ಯ ನನ್ನ ಲ್ಯಾಬಿನಲ್ಲಿರಲಿಲ್ಲ. ಹೇಳಿ ಹೇಳಿ ಸಾಕಾಗಿದೆ.

ಯಾರೋ ಮಹಾಮೇಧಾವಿ ಬಂದು ಎಲ್ಲ ಸರಿಮಾಡುತ್ತಾನೆ ಅನ್ನುವವರೂ ಇದ್ದಾರೆ. ನಿಜವಾದ ಮೇಧಾವಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲೊಬ್ಬರು ಫ್ಯಾನಿನ ಜಗಳಕ್ಕೆ ಪಕ್ಕದ ರೂಮಿನವರ ಜೊತೆ ರಿಟೈರ್ ಆಗುವ ತನಕ ಮಾತು ಬಿಟ್ಟಿದ್ದರು. ಅಂಥವರ ತಲೆ ಮೇಲೆ ಲೋಕದ ಭಾರ ಹೊರಿಸುವುದು ಅನ್ಯಾಯ.

ಮೊನ್ನೆ ಭಾನುವಾರ ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ ಬಂದಳು. ಹುಬ್ಬಳ್ಳಿ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುತ್ತಾರೆ. ನೀರಿನ ಟ್ಯಾಂಕರ್ ವಿಷಯವಿರಬೇಕು ಅಂದುಕೊಂಡೆ. ಅವಳು ಕುರ್ಚಿಯ ಅಂಚಿನಲ್ಲಿ ಕೂತು, "ಸರ್, ಖರೇ ಹೇಳ್ರಿ. ಮುಂದ ಈ ಲೋಕ ಉಳಿತೈತೇನ್ರಿ?" ಅಂದಳು.

ನನ್ನ ಹಳೇ ಉತ್ತರ ಶುರುಮಾಡುವಷ್ಟರಲ್ಲಿ ತಲೆ ತಗ್ಗಿಸಿದಳು. "ನನಗ ಎರಡು ತಿಂಗಳಾಗೇತ್ರಿ. ಇಟ್ಕೋಬೇಕೋ ಬ್ಯಾಡೋ ಇಬ್ಬರಿಗೂ ತಿಳಿವಲ್ದು. ನೀರಿಲ್ಲ, ಬಿಸಲ ನೋಡ್ರಿ, ನಾಳೆ ಕೆಲಸಾನೂ ಇರೂದಿಲ್ಲ ಅಂತಾರ."

ಹೌದು ಅನ್ನಲು ಆಧಾರವಿಲ್ಲ, ಇಲ್ಲ ಅನ್ನಲೂ ಇಲ್ಲ. "ಗೊತ್ತಿಲ್ಲಮ್ಮ" ಅಂದೆ. ವಿಜ್ಞಾನದಲ್ಲಿ ಇದು ಮರ್ಯಾದೆಯ ಮಾತು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನಾಚಿಕೆಯಾಯಿತು.

ಕಾಫಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಲೋಟವನ್ನು ಹುಡುಗಿಯ ಕೈಗಿಟ್ಟು, "ಇವರನ್ನ ಕೇಳಿ ಏನೂ ಪ್ರಯೋಜನ ಇಲ್ಲಮ್ಮ" ಅಂದಳು. "ಪೇಪರ್ ತುಂಬ ಬಾಂಬು, ಯುದ್ಧ ಅಂತಿದ್ದ ಕಾಲದಲ್ಲಿ ನಾನೂ ಇದನ್ನೇ ಕೇಳಿದ್ದೆ. ಆಗ್ಲೂ ಗೊತ್ತಿಲ್ಲ ಅಂದ್ರು. ನನಗೂ ಆಗ ಎರಡು ತಿಂಗಳು."

"ಆಮ್ಯಾಲೆ ಏನ್ ಮಾಡಿದ್ರಿ ಆಂಟಿ?"

"ಮಗಳಿಗೆ ಈಗ ನಲವತ್ತು, ಬನಶಂಕರೀಲಿದಾಳೆ. ನೀನು ಏನ್ ಮಾಡ್ಬೇಕು ಅಂತ ನಾನು ಹೇಳಲ್ಲ. ಮೊದಲು ಕಾಫಿ ಕುಡಿ."

ಹೆಂಡತಿ ಹಾಗೆ ಕೇಳಿದ್ದ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವಳು ಲೋಕದ ವಿಚಾರ ಮಾತಾಡುತ್ತಿದ್ದಾಳೆ ಅಂತ ಖುಷಿಯಾಗಿ, ಪೇಪರಿನಿಂದ ತಲೆಯೆತ್ತದೆ ಉತ್ತರ ಕೊಟ್ಟಿದ್ದೆ. ಮುಂದಿನ ವಾರ ಬಸುರಿ ಅಂತ ಹೇಳಿದಳು. ಎರಡನ್ನೂ ಜೋಡಿಸಿ ನೋಡಬೇಕು ಅಂತ ನನಗೆ ಹೊಳೆಯಲಿಲ್ಲ. ಅವಳು ಅವತ್ತು ಕೇಳಿದ್ದು ಮಗಳ ವಿಷಯ ಅನ್ನುವುದು ಇಷ್ಟು ವರ್ಷದ ಮೇಲೆ, ಬಾಡಿಗೆಯವಳ ಎದುರಿಗೆ ನನಗೆ ಗೊತ್ತಾಯಿತು.