ನಾಲ್ಕು ಬೆರಳಿನ ಚೌಕಾಸಿ

ತೊಡೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಂಡಾಗ ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಕ್ಕಿ ಮಂಡಿ ಇಟ್ಟು ಒಂದು ಮಟ್ಟಕ್ಕೆ ಬಂದಿದ್ದೆ. ನೋವಿಲ್ಲ, ಜ್ವರವಿಲ್ಲ. ನೋಯದ್ದಕ್ಕೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಪಕ್ಕದ ಸೈಕಲ್ ಅಂಗಡಿಯ ಸಾಹೇಬರು ಒತ್ತಿ ನೋಡಿ, "ಕೊಬ್ಬು ಮಾರಾಯ್ರೇ, ಗಲ್ಲಾ ಮುಂದೆ ಕೂತು ಕೂತು ಬಂದಿದೆ" ಎಂದರು. ನನಗೂ ಅದೇ ಮಾತು ಬೇಕಾಗಿತ್ತು. ಗಂಟು ಮೋಸಂಬಿಯಾಗಿ ನಾನು ಒಂದೇ ಕಡೆ ವಾಲಿ ಕೂರುವ ಹಾಗಾದಾಗ, ಹೆಂಡತಿ ನನ್ನನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಬ್ಬ ಸರ್ಜನ್ ಬಳಿ ಕರೆದೊಯ್ದಳು.

ಅವರು ಗಂಟನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. "ಚೂರು ತೆಗೆದು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸ್ಬೇಕು" ಎಂದರು.

ಸ್ಯಾಂಪಲ್ ನೋಡದೆ ನಾನೂ ಮಾಲು ಎತ್ತಿದವನಲ್ಲ, ಒಪ್ಪಿದೆ. ಆದರೆ ಮೂಟೆಯ ಬಾಯಲ್ಲಿ ಒಳ್ಳೆಯ ಅಕ್ಕಿ, ತಳದಲ್ಲಿ ನುಚ್ಚು ತುಂಬುವವರ ನಡುವೆಯೇ ಬದುಕಿದವನು ನಾನು. ಬೋರಲು ಮಲಗಿಕೊಂಡೇ ಹೇಳಿದೆ: "ಸ್ವಾಮಿ, ಮೇಲ್ಮೇಲಿಂದ ತೆಗೀಬೇಡಿ. ತಳದಿಂದ ತೆಗೀರಿ."

"ಸಾಹುಕಾರ್ರೇ, ಇದು ನಿಮ್ಮದೇ ಮಾಲು. ನಿಮಗೆ ನೀವೇ ಮೋಸ ಮಾಡ್ಕೊಂಡಿರ್ತೀರಾ?"

"ನಂದಲ್ಲ ಸ್ವಾಮಿ. ಕೇಳ್ದೆ ಬಂದು ಇಳ್ಕೊಂಡಿರೋದು."

ಬೆಂಗಳೂರಿನಿಂದ ಉತ್ತರ ಬಂತು. ಮಾಂಸದೊಳಗೇ ಹುಟ್ಟುವ ಕ್ಯಾನ್ಸರ್, ಬಹಳ ಅಪರೂಪದ್ದು ಎಂದರು ಸರ್ಜನ್. ಅಪರೂಪ ಎಂದಾಗ ಒಂದು ಗಳಿಗೆ ಹೆಮ್ಮೆಯಾದದ್ದು ಸುಳ್ಳಲ್ಲ.

"ಇದಕ್ಕೆ ಮುಂಚೆ ಇಂಥದ್ದು ನೀವು ನೋಡಿದ್ರಾ?" ಹೆಂಡತಿ ಕೇಳಿದಳು.

"ಒಬ್ರನ್ನ ನೋಡಿದ್ದೆ. ತಡವಾಗಿ ಬಂದ್ರು. ಕಾಲು ತೆಗೀಬೇಕಾಯ್ತು. ಇವ್ರಿಗೆ ಗಂಟಿನ ಸುತ್ತ ನಾಲ್ಕು ಬೆರಳಷ್ಟು ಒಳ್ಳೇ ಮಾಂಸನೂ ಸೇರಿಸಿ ತೆಗೆದ್ರೆ ಕಾಲು ಉಳಿಯಬಹುದು."

ಕೆಟ್ಟದ್ದನ್ನು ತೆಗೆಯಲಿ, ಒಳ್ಳೆಯದನ್ನೇಕೆ?

"ಒಂದು ಬೆರಳಿಗೆ ಮುಗಿಸಿ" ಎಂದೆ.

"ನಾಲ್ಕು."

"ನಿಮ್ದೂ ಬೇಡ ನಂದೂ ಬೇಡ, ಎರಡು ಮಾಡ್ಕೊಳ್ಳಿ."

"ಅದರ ಬೇರು ಕಣ್ಣಿಗೆ ಕಾಣಲ್ಲ ಸಾಹುಕಾರ್ರೇ. ಎರಡು ಬೆರಳಿಗೆ ನಾನು ಕೈ ಹಾಕಲ್ಲ."

ನಾನು ಎದ್ದು ಪಂಚೆ ಬಿಗಿದುಕೊಂಡು ಹೊರಟೆ. ಅಕ್ಕಿ ಮಂಡಿಯಲ್ಲಿ ದರ ಕುದುರದೆ ಹೀಗೆ ಎದ್ದರೆ ಬಾಗಿಲು ದಾಟುವುದರೊಳಗೆ ಹಿಂದಿನಿಂದ ಕರೆದೇ ಕರೆಯುತ್ತಾರೆ. ಬಾಗಿಲು ದಾಟಿದೆ. ಮೆಟ್ಟಿಲಿಳಿದೆ. ಚಪ್ಪಲಿ ಹುಡುಕುವ ನೆಪದಲ್ಲಿ ಸಾಕಷ್ಟು ಹೊತ್ತು ನಿಂತೆ. ಯಾರೂ ಕರೆಯಲಿಲ್ಲ. ಕೇಳಿಸಿದ್ದು ಹೆಂಡತಿಯ ದನಿ:

"ಡಾಕ್ಟ್ರೇ, ನೀವು ಐದು ಬೆರಳು ತಗೊಳ್ಳಿ. ಅವ್ರಿಗೆ ನಾನು ಹೇಳ್ತೀನಿ."

ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುಂಟುತ್ತಲೇ ಒಳಗೆ ಓಡಿ ನಾಲ್ಕಕ್ಕೆ ಒಪ್ಪಿಕೊಂಡೆ.

ಓದುವವರಿಗೆ ನನ್ನದೊಂದು ಮಾತು. ನೋಯುವ ಗಂಟನ್ನು ಹೇಗೂ ತೋರಿಸುತ್ತೀರಿ; ನೋಯದೆ ಬೆಳೆಯುವುದನ್ನು ಮೊದಲು ತೋರಿಸಿ. ಹೋಗುವಾಗ ಚೌಕಾಸಿ ಬಾರದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಗಂಟು ಮತ್ತೆ ಬರಲಿಲ್ಲ. ಹೊಲಿಗೆ ಬಿಚ್ಚಿದ ದಿನ ತೊಡೆಯಲ್ಲಿ ಅಂಗೈ ಮುಳುಗುವಷ್ಟು ಹಳ್ಳವಿತ್ತು. ಗೋಡೆ ಹಿಡಿದು ವರಾಂಡದ ಆ ತುದಿಯವರೆಗೆ ನಡೆದು ಬಂದೆ. ಸರ್ಜನ್ ಸಾಕು ಎಂದು ತಲೆಯಾಡಿಸಿದರು. ಹೆಂಡತಿ ಮಾತ್ರ ನನ್ನ ಪಾದದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದ್ ಸಲ ನಡೀರಿ" ಎಂದಳು.

ಚೌಕಾಸಿ ಮಾಡದೆ ನಡೆದೆ.