ಅಕ್ಕ ತೊಳೆದ ಉಣ್ಣೆ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮಕ್ಕಳೇ, ಕವಲೇದುರ್ಗದ ಕೋಟೆಯ ಬುಡದಲ್ಲಿದ್ದ ನಮ್ಮ ಮಲೆನಾಡಿನ ಊರಿನಲ್ಲಿ ಯಾರ ಮನೆಯಲ್ಲೂ ಕುರಿ ಇರಲಿಲ್ಲ. ಬೇಸಿಗೆಯಲ್ಲಿ ಬಯಲುಸೀಮೆಯ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಗೊಬ್ಬರವಾಗಲೆಂದು ಅಪ್ಪ ನಮ್ಮ ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ವರ್ಷ ಆ ಕುರಿಗಾರರು ಹೊರಡುವಾಗ ಅಜ್ಜಿ ಒಂದು ಬುಟ್ಟಿ ಉಣ್ಣೆ ಕೇಳಿ ಪಡೆದರು.

ಉಣ್ಣೆ ಯಾಕೆ ಅಂತೀರಾ? ಅಪ್ಪನ ಕಂಬಳಿ ಸರಿಯಾಗಿ ಬೆನ್ನಿನ ಹತ್ತಿರವೇ ತೂತಾಗಿತ್ತು. ಆಗ ಮಳೆಗೆ ಕಂಬಳಿಯನ್ನೇ ಕೊಪ್ಪೆ ಮಾಡಿ ತಲೆಯ ಮೇಲಿಂದ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಆ ತೂತಿನಿಂದ ನೀರಿಳಿದು ಅಪ್ಪ ಜ್ವರ ಬಂದು ಮಲಗಿಬಿಟ್ಟಿದ್ದರು. ಅವರ ಕೆಮ್ಮು ಕೇಳಿ ನಮಗೆಲ್ಲ ಜೀವ ಬಾಯಿಗೆ ಬಂದಿತ್ತು. ಈ ಸಲ ಮಳೆ ಹಿಡಿಯುವ ಮೊದಲೇ ನೂಲು ತೆಗೆದು ತೂತು ಮುಚ್ಚಲೇಬೇಕೆಂದು ಅಜ್ಜಿ ಹಟ ಹಿಡಿದರು. ಅವರ ತವರು ಬಯಲುಸೀಮೆ. ನೂಲುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಅಬ್ಬಬ್ಬಾ, ಆ ಉಣ್ಣೆಯ ವಾಸನೆ! ಹಿಕ್ಕೆ, ಬೆವರು, ಹೊಗೆ ಎಲ್ಲ ಸೇರಿದ ವಾಸನೆ. ಮುಟ್ಟಿದರೆ ಕೈಯೆಲ್ಲ ಜಿಡ್ಡು. ನಾನೂ ಅಕ್ಕನೂ ಜಗಲಿಯಲ್ಲಿ ಕೂತು ಮುಳ್ಳು, ಕಸ ಹೆಕ್ಕಿದೆವು. ಹೇಗಿದೆ ನೋಡೋಣವೆಂದು ಅಜ್ಜಿ ಒಂದು ಹಿಡಿಯನ್ನು ಬೆರಳಿನಲ್ಲೇ ಎಳೆ ಎಳೆಯಾಗಿ ಹಿಂಜಿ, ನೂಲುವ ಕದಿರಿನ ಕಡ್ಡಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸಿದರು. ಕದಿರು ಕೆಳಗಿಳಿದಂತೆ ಉಣ್ಣೆ ಹುರಿಗೊಂಡು ನೂಲಾಗುತ್ತಾ ಬಂತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಉಳಿದದ್ದು ನಾಳೆ ಹೊಳೇಲಿ ಅದ್ದಿ ತೆಗೆದ್ರಾಯ್ತು" ಎಂದು ಅಜ್ಜಿ ಗದ್ದೆ ಕಡೆ ಹೋದರು.

ಅಕ್ಕನಿಗೆ ತಡೆಯಬೇಕಲ್ಲ! ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು. ಎಂಥ ಕೊಳೆಗೂ ನಮಗೆ ಅದೇ ಮದ್ದು. ಅಜ್ಜಿಗೆ ಕೆಲಸ ಹಗುರಾಗಲೆಂದು ಅವಳು ಸುಡುಸುಡು ನೀರು ಸುರಿದು, ಅಂಟುವಾಳ ಹಾಕಿ, ಉಣ್ಣೆಯನ್ನು ಗಸಗಸ ತಿಕ್ಕಿದಳು. ವಾಸನೆಯೇನೋ ಹೋಯಿತು. ಆದರೆ ಹಿಂಡಿ ಬಿಡಿಸಲು ಹೋದರೆ ಒಂದು ಎಳೆಯೂ ಬರಲಿಲ್ಲ. ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ದಪ್ಪ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು.

"ಅಪ್ಪಂಗೆ ಮತ್ತೆ ಜ್ವರ ಬಂದ್ರೆ ನನ್ನಿಂದ್ಲೇ" ಎಂದು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಅವಳನ್ನು ನೋಡಿ ನನಗೂ ಅಳು ಬಂತು.

ಅಜ್ಜಿ ಬಂದವರೇ, "ಎಂತ ಮಾಡಿದ್ಯೇ ಮಾರಾಯ್ತಿ! ಉಣ್ಣೆಗೆ ಯಾರಾದ್ರೂ ಬಿಸಿನೀರು ಹಾಕ್ತಾರಾ?" ಎಂದು ಗದರಿದರು. ಆಮೇಲೆ ಆ ಮುದ್ದೆಯನ್ನು ಎಳೆದರು, ಬಗ್ಗಿಸಿದರು, ಬೆಳಕಿಗೆ ಹಿಡಿದು ನೋಡಿದರು. "ಅಳ್ಬೇಡ, ಸುಮ್ನಿರು. ನೂಲಿಗೆ ಬರ್ದಿದ್ರೆ ತೇಪೆಗೆ ಬರ್ತದೆ" ಎಂದರು. ಅದನ್ನು ಬಿಸಿಲಲ್ಲಿ ಒಣಗಿಸಿ, ಕತ್ತರಿಸಿ, ತೂತಿನ ಮೇಲಿಟ್ಟರು. ಮೊದಲು ನೂತಿದ್ದ ಆ ಒಂದು ಹಿಡಿಯ ನೂಲಿನಿಂದ ಅಕ್ಕನೇ ಸುತ್ತ ಹೊಲಿದಳು.

ಮಳೆ ಹಿಡಿಯಿತು. ಮೊದಲ ದಿನ ಅಪ್ಪ ಗದ್ದೆಯಿಂದ ಬಂದ ಕೂಡಲೇ ಅಕ್ಕ ಓಡಿಹೋಗಿ ಅವರ ಬೆನ್ನು ಮುಟ್ಟಿ ನೋಡಿದಳು. ಕಂಬಳಿಯ ಅಂಚೆಲ್ಲ ತೊಯ್ದು ತೊಪ್ಪೆಯಾಗಿತ್ತು. ತೇಪೆಯ ಕೆಳಗೆ ಮಾತ್ರ ಅಂಗಿ ಬೆಚ್ಚಗಿತ್ತು.

"ಇನ್ನೊಂದು ತೂತು ಬಿದ್ರೂ ನೀನೇ ಉಣ್ಣೆ ತೊಳ್ದು ಕೊಡು ಮಗಾ" ಎಂದು ಅಪ್ಪ ನಕ್ಕರು. ಅಕ್ಕನ ಮುಖ ನೋಡಬೇಕಿತ್ತು ನೀವು!

ಈಗ ನಿಮ್ಮ ಬಣ್ಣದ ರೈನ್‌ಕೋಟುಗಳು ಒಮ್ಮೆ ಕೊಡವಿದರೆ ಒಣಗುತ್ತವೆ. ಜಿಡ್ಡಿಲ್ಲ, ವಾಸನೆಯಿಲ್ಲ. ಒಳ್ಳೆಯದೇ ಆಯಿತು, ನಾನೇನೂ ಹಳಿಯುವುದಿಲ್ಲ. ಆದರೂ ಮಳೆಯಲ್ಲಿ ನೀವು ಶಾಲೆಯಿಂದ ಬಂದಾಗ ನಾನು ನಿಮ್ಮ ಬೆನ್ನು ಮುಟ್ಟಿ ನೋಡುತ್ತೇನೆ, "ಒದ್ದೆಯಾಗಿಲ್ಲ, ಬಿಡಜ್ಜ" ಎಂದು ನೀವು ನಗುತ್ತೀರಿ. ಅದು ನನಗೆ ಅಕ್ಕನಿಂದ ಬಂದ ಅಭ್ಯಾಸ.